ತೊಗರಿ ಹೊಲದ ಮೂರು ವರ್ಷ: ಮಣ್ಣಿನ ಚೇತರಿಕೆಯ ವೆಚ್ಚ ಯಾರ ಖಾತೆಗೆ?

2022-23ನೇ ಸಾಲಿನ ಹಂಗಾಮಿನಲ್ಲಿ ಕಲಬುರಗಿ ಹಾಗೂ ನೆರೆಯ ಜಿಲ್ಲೆಗಳ ತೊಗರಿ ಬೆಳೆಗೆ ನೆಟೆ ರೋಗ ತಗುಲಿ, ಹೂ-ಕಾಯಿಯ ಹಂತಕ್ಕೆ ಬಂದಿದ್ದ ಗಿಡಗಳು ನಿಂತಲ್ಲಿಯೇ ಒಣಗಿಹೋದುದು ಬೇಳೆ ವ್ಯಾಪಾರದಲ್ಲಿರುವ ಯಾರೂ ಮರೆತಿರಲಾರರು. ರಾಜ್ಯ ಸರ್ಕಾರವು ಬೆಳೆಗಾರರಿಗೆ ಪರಿಹಾರ ಘೋಷಿಸಿತು. ಬೇಳೆ ಗಿರಣಿಗಳಿಗಾದ ನಷ್ಟ ಮಾತ್ರ ಯಾವ ಸಮೀಕ್ಷೆಯಲ್ಲಿಯೂ ಸೇರಲಿಲ್ಲ. ಕಚ್ಚಾ ಮಾಲು ಕಡಿಮೆಯಾದಾಗ ಗಿರಣಿ ಅರ್ಧ ದಿನ ನಡೆಯುತ್ತದೆ. ಆದರೆ ಬ್ಯಾಂಕಿನ ಬಡ್ಡಿಯಾಗಲಿ, ವಿದ್ಯುತ್ತಿನ ನಿಗದಿತ ಶುಲ್ಕವಾಗಲಿ, ಕಾಯಂ ನೌಕರರ ಸಂಬಳವಾಗಲಿ ಅರ್ಧವಾಗುವುದಿಲ್ಲ.

ಇಂತಹ ವರ್ಷದಲ್ಲಿ ಆಮದು ಮಾಡಿದ ತೊಗರಿ ಕೈಹಿಡಿಯುತ್ತದೆಂಬ ಸಮಾಧಾನವನ್ನು ಕೆಲವರು ಹೇಳಿಕೊಳ್ಳುವುದುಂಟು. 2021ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರ ತೊಗರಿ ಆಮದನ್ನು ಮುಕ್ತಗೊಳಿಸಿದ ಮೇಲೆ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳ ಮಾಲು ನಮ್ಮ ಗಿರಣಿಗಳಿಗೂ ಬಂದಿದೆ. ಆದರೆ 2019ರಲ್ಲಿ ‘ಗುಲ್ಬರ್ಗಾ ತೊಗರಿ ಬೇಳೆ’ಗೆ ದೊರೆತ ಭೌಗೋಳಿಕ ಸೂಚಿಕೆಯ ಮುದ್ರೆಯನ್ನು ಆ ಬೇಳೆಯ ಚೀಲದ ಮೇಲೆ ಹಾಕಲು ಬರುವುದಿಲ್ಲ. ಬಂದರಿನಿಂದ ಮಾಲು ತರಿಸಿ ಒಡೆಯುವುದಾದರೆ ಆ ಕೆಲಸಕ್ಕೆ ಬಂದರಿನ ಸಮೀಪದ ಗಿರಣಿಯೇ ಸಾಗಣೆ ವೆಚ್ಚದ ದೃಷ್ಟಿಯಿಂದ ಅನುಕೂಲ. ಈ ಭಾಗದ ಬೇಳೆ ಉದ್ಯಮ ಇಲ್ಲಿ ನೆಲೆಗೊಂಡಿರುವುದು ಇಲ್ಲಿಯ ಕಪ್ಪು ಮಣ್ಣಿನ ಕಾರಣದಿಂದ. ಆ ಮಣ್ಣಿನ ಸ್ಥಿತಿಗತಿಯು ಗಿರಣಿಯ ಯಂತ್ರೋಪಕರಣಗಳಷ್ಟೇ ಮುಖ್ಯವಾದ ಆಸ್ತಿಯಾಗಿದ್ದರೂ, ಅದರ ಸವಕಳಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ರೋಗದ ಮೂಲ ಮಣ್ಣಿನಲ್ಲಿ

ನೆಟೆ ರೋಗಕ್ಕೆ ಕಾರಣವಾದ ಫ್ಯುಸೇರಿಯಂ ಎಂಬ ಶಿಲೀಂಧ್ರವು ಮಣ್ಣಿನಲ್ಲಿ ವಾಸಿಸುವಂತಹುದು. ಬೆಳೆ ಕೊಯ್ದ ಬಳಿಕ ನೆಲದಲ್ಲಿ ಉಳಿಯುವ ಬೇರು-ಕೂಳೆಗಳನ್ನು ಆಶ್ರಯಿಸಿ ಅದು ಎರಡು-ಮೂರು ವರ್ಷ ಜೀವ ಹಿಡಿದಿರಬಲ್ಲದು. ಅದೇ ಹೊಲದಲ್ಲಿ ಮರುವರ್ಷವೂ ತೊಗರಿಯನ್ನೇ ಬಿತ್ತಿದರೆ ಅದಕ್ಕೆ ಆಹಾರ ತಾನಾಗಿ ಒದಗುತ್ತದೆ. 1986ರಲ್ಲಿ ‘ಮಾರುತಿ’ ಎಂಬ ನಿರೋಧಕ ತಳಿ ಬಿಡುಗಡೆಯಾಯಿತು. ಅನಂತರ ಟಿಎಸ್-3ಆರ್ ಮೊದಲಾದ ತಳಿಗಳು ಬಂದವು. ಇವುಗಳಿಂದ ಉಪಕಾರವಾಗಿದೆ. ಆದರೂ ತಳಿಯೊಂದನ್ನೇ ನೆಚ್ಚಿ ಹೊಲದ ಪದ್ಧತಿಯನ್ನು ಬದಲಿಸದಿದ್ದರೆ ರೋಗ ಮತ್ತೆ ಮರಳುತ್ತದೆಂಬುದನ್ನು 2022 ತೋರಿಸಿಕೊಟ್ಟಿತು.

ಈ ಭಾಗದ ಹಿಂದಿನ ಬೇಸಾಯದಲ್ಲಿ ತೊಗರಿ ಒಂಟಿಯಾಗಿರಲಿಲ್ಲ. ಜೋಳದ ಸಾಲುಗಳ ನಡುವೆ ತೊಗರಿ, ತೊಗರಿಯ ನಡುವೆ ಹೆಸರು ಅಥವಾ ಉದ್ದು, ಬದುವಿನಂಚಿಗೆ ಎಳ್ಳು ಹೀಗೆ ಸಾಗುತ್ತಿತ್ತು. ಜೋಳದೊಡನೆ ಬೆಳೆದ ತೊಗರಿಯಲ್ಲಿ ನೆಟೆ ರೋಗ ಗಣನೀಯವಾಗಿ ಕಡಿಮೆಯಿರುತ್ತದೆಂಬುದನ್ನು ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ಪ್ರಯೋಗಗಳೂ ದೃಢಪಡಿಸಿವೆ. ಜೋಳ ಹಿಂದೆ ಸರಿದುದಕ್ಕೆ ರೈತನ ಅಜ್ಞಾನ ಕಾರಣವಲ್ಲ. ತೊಗರಿಯ ದರ ಏರಿತು, ಜೋಳ ಕೊಯ್ಯುವ ಆಳುಗಳ ಕೂಲಿ ಏರಿತು, ಮನೆಯಲ್ಲಿ ಎತ್ತುಗಳು ಕಡಿಮೆಯಾಗಿ ಕಣಿಕೆಯ ಅಗತ್ಯವೂ ಕಡಿಮೆಯಾಯಿತು. ರೈತನು ಮಾಡಿದ್ದು ಶುದ್ಧ ವ್ಯಾಪಾರದ ಲೆಕ್ಕವನ್ನೇ. ಆದ್ದರಿಂದ ಅವನನ್ನು ಮತ್ತೆ ಮಿಶ್ರ ಬೆಳೆಗೆ ಕರೆತರಬೇಕಾದರೆ ಭಾಷಣ ಸಾಲದು, ಲೆಕ್ಕವೇ ಬದಲಾಗಬೇಕು.

ಈಗ ‘ಪುನಶ್ಚೇತನ ಕೃಷಿ’ ಎಂದು ಕರೆಯಲಾಗುತ್ತಿರುವ ವಿಧಾನ ಬಹುಮಟ್ಟಿಗೆ ಇದೇ. ಅಮೆರಿಕೆಯ ರಾಬರ್ಟ್ ರೊಡೇಲ್ 1980ರ ದಶಕದಲ್ಲಿ ಪ್ರಚಾರಕ್ಕೆ ತಂದ ಈ ಹೆಸರು ಹೊಸದಿರಬಹುದು. ನೆಲವನ್ನು ಬೆತ್ತಲೆ ಬಿಡದಿರುವುದು, ಉಳುಮೆಯನ್ನು ಮಿತಗೊಳಿಸುವುದು, ವರ್ಷದ ಹೆಚ್ಚಿನ ಕಾಲ ಮಣ್ಣಿನಲ್ಲಿ ಜೀವಂತ ಬೇರಿರುವಂತೆ ನೋಡಿಕೊಳ್ಳುವುದು, ಬೆಳೆಗಳನ್ನು ಬೆರೆಸುವುದು, ಕುರಿ-ದನಗಳನ್ನು ಹೊಲಕ್ಕೆ ಮರಳಿ ತರುವುದು ಇದರ ಅಂಗಗಳು. ಬೇಸಿಗೆಯಲ್ಲಿ ಹೊಲದೊಳಗೆ ಕುರಿ ಮಂದೆ ತರುಬಿಸುವ ಪದ್ಧತಿಯನ್ನು ಬಲ್ಲವರಿಗೆ ಇದರಲ್ಲಿ ಅಪರಿಚಿತವಾದುದು ಹೆಚ್ಚಿಲ್ಲ. ಸಾವಯವ ಕೃಷಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಸಾವಯವದಲ್ಲಿ ರಾಸಾಯನಿಕಗಳ ನಿಷೇಧವೇ ಮುಖ್ಯ ನಿಯಮ. ಇಲ್ಲಿ ಮಣ್ಣಿನ ಸುಧಾರಣೆಯೇ ಅಳತೆಗೋಲು. ಮಣ್ಣು ಪರೀಕ್ಷೆಯ ವರದಿಯಲ್ಲಿ ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’ ಎಂದು ನಮೂದಾಗುತ್ತದೆ. ಆ ಅಂಕಿ ಮೇಲೇರಿತೇ ಎಂಬುದು ಇಲ್ಲಿ ಕೇಳಬೇಕಾದ ಪ್ರಶ್ನೆ.

ಅವಸರ ಇದರಲ್ಲಿ ಸಲ್ಲದು. 2021ರಲ್ಲಿ ಶ್ರೀಲಂಕಾ ಸರ್ಕಾರ ರಾಸಾಯನಿಕ ಗೊಬ್ಬರಗಳ ಆಮದನ್ನು ಒಂದೇ ಆಜ್ಞೆಯಿಂದ ನಿಲ್ಲಿಸಿತು. ಭತ್ತ ಮತ್ತು ಚಹಾದ ಇಳುವರಿ ಕುಸಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಐದು ಎಕರೆಯ ರೈತ ಮೊದಲು ಎರಡು ಎಕರೆಯಲ್ಲಿ ಮಾತ್ರ ಪ್ರಯತ್ನಿಸುವುದು ವಿವೇಕ.

ಒಂದು ಎಕರೆಯ ಲೆಕ್ಕ

ಕೆಳಗಿನ ಅಂಕಿಗಳು ವಿವರಣೆಗಾಗಿ ಊಹಿಸಿಕೊಂಡವು. ಓದುಗರು ತಮ್ಮ ಊರಿನ ಇಳುವರಿ ಮತ್ತು ದರಗಳನ್ನು ಸೇರಿಸಿ ಲೆಕ್ಕ ಹಾಕಿಕೊಳ್ಳಬಹುದು. ಮಳೆಯಾಶ್ರಿತ ಭೂಮಿಯಲ್ಲಿ ಎಕರೆಗೆ 4 ಕ್ವಿಂಟಾಲ್ ತೊಗರಿ, ಕ್ವಿಂಟಾಲಿಗೆ 7,500 ರೂಪಾಯಿ ದರ ಎಂದಿಟ್ಟುಕೊಳ್ಳೋಣ. ಜೋಳದ ಸಾಲು ಸೇರಿಸಿ, ರಾಸಾಯನಿಕಗಳನ್ನು ಬಿಟ್ಟ ಮೊದಲ ವರ್ಷ ತೊಗರಿ 2.8 ಕ್ವಿಂಟಾಲಿಗೆ ಇಳಿಯಿತೆನ್ನೋಣ. ಅಂದರೆ 9,000 ರೂಪಾಯಿ ಕೊರತೆ. ಗೊಬ್ಬರ ತಯಾರಿಕೆ, ಕಳೆ ಕೀಳುವುದು, ಎರಡು ಬಗೆಯ ಕೊಯ್ಲು ಇವುಗಳಿಗೆ ಹೆಚ್ಚುವರಿ ಕೂಲಿ 3,000. ಇತ್ತ ಗೊಬ್ಬರ ಮತ್ತು ಔಷಧಿಯಲ್ಲಿ ಉಳಿತಾಯ 2,000. ಒಂದೂವರೆ ಕ್ವಿಂಟಾಲ್ ಜೋಳದಿಂದ 4,500. ನಿವ್ವಳ ನಷ್ಟ 5,500 ರೂಪಾಯಿ. ಎರಡನೆಯ ವರ್ಷ ತೊಗರಿ 3.4 ಕ್ವಿಂಟಾಲಿಗೆ ಏರಿದರೆ ನಷ್ಟ 1,000ಕ್ಕೆ ಇಳಿಯುತ್ತದೆ. ಮೂರನೆಯ ವರ್ಷ ತೊಗರಿ 4 ಕ್ವಿಂಟಾಲಿಗೆ ಮರಳಿ, ಜೋಳ ಮತ್ತು ವೆಚ್ಚದ ಉಳಿತಾಯ ಲಾಭದ ಕಡೆಗೆ ನಿಲ್ಲುತ್ತವೆ.

ಈ ಲೆಕ್ಕದಲ್ಲಿ ಗಮನಿಸಬೇಕಾದುದು ಒಟ್ಟು ನಷ್ಟವಾದ 6,500 ರೂಪಾಯಿಗಿಂತ ಹೆಚ್ಚಾಗಿ ಅದು ಬೀಳುವ ಸಮಯ. ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಮೊದಲ ವರ್ಷದಲ್ಲಿಯೇ ಬೀಳುತ್ತದೆ. ಪರಂಪರಾಗತ ಕೃಷಿ ವಿಕಾಸ ಯೋಜನೆಯು 2015-16ರಲ್ಲಿ 20 ಹೆಕ್ಟೇರ್‌ಗಳ ಗುಂಪುಗಳ ಮೂಲಕ ಆರಂಭವಾಯಿತು. ಅದರ ಪರಿಷ್ಕೃತ ಮಾರ್ಗಸೂಚಿಯಂತೆ ಹೆಕ್ಟೇರಿಗೆ ಮೂರು ವರ್ಷಕ್ಕೆ 31,500 ರೂಪಾಯಿ ನೆರವು ನಿಗದಿಯಾಗಿದ್ದು, ರೈತನ ಖಾತೆಗೆ ನೇರವಾಗಿ ಹೋಗುವುದು 15,000. ಎಕರೆಗೆ ಭಾಗಿಸಿದರೆ ಸುಮಾರು 6,000. ಮೇಲ್ನೋಟಕ್ಕೆ ಇದು ನಷ್ಟವನ್ನು ಬಹುತೇಕ ಸರಿದೂಗಿಸುತ್ತದೆ. ಆದರೆ ಮೂರು ವರ್ಷಕ್ಕೆ ಸಮನಾಗಿ ಹಂಚಿದರೆ ಮೊದಲ ವರ್ಷ ಸಿಗುವುದು 2,000 ಮಾತ್ರ. 3,500 ರೂಪಾಯಿಯ ಕಂದಕ ಹಾಗೆಯೇ ಉಳಿಯುತ್ತದೆ. ರೈತನು ಪದ್ಧತಿ ಬದಲಿಸಲು ಒಪ್ಪಿ, ಎರಡನೆಯ ಹಂಗಾಮಿಗೆ ಕೈಬಿಡುವುದು ಈ ಕಂದಕದಲ್ಲಿಯೇ.

ಗಿರಣಿ ಮಾಲೀಕರ ಪಾತ್ರ ಇಲ್ಲಿ ಬರುತ್ತದೆ. ನೂರು ಎಕರೆಯ ರೈತರ ಗುಂಪಿಗೆ ಎಕರೆಗೆ 3,500ರಂತೆ 3,50,000 ರೂಪಾಯಿಯನ್ನು ಬಡ್ಡಿರಹಿತ ಮುಂಗಡವಾಗಿ ಕೊಟ್ಟು, ಮೂರನೆಯ ವರ್ಷದ ಮಾಲಿನಲ್ಲಿ ವಜಾ ಮಾಡಿಕೊಳ್ಳುವುದೆಂದು ಇಟ್ಟುಕೊಂಡರೆ, ಶೇಕಡಾ 12ರ ದರದಲ್ಲಿ ಎರಡು ವರ್ಷದ ಬಡ್ಡಿ 84,000. ಮೂರು ವರ್ಷಗಳಲ್ಲಿ ಆ ಹೊಲಗಳಿಂದ ಬರುವ ಸುಮಾರು 1,020 ಕ್ವಿಂಟಾಲಿಗೆ ಪೇಟೆ ದರಕ್ಕಿಂತ ನೂರು ರೂಪಾಯಿ ಹೆಚ್ಚು ಕೊಟ್ಟರೆ 1,02,000. ಒಟ್ಟು 1,86,000, ಕ್ವಿಂಟಾಲಿಗೆ 182 ರೂಪಾಯಿ, ಅಂದರೆ ಕಚ್ಚಾ ಮಾಲಿನ ದರದ ಶೇಕಡಾ ಎರಡೂವರೆಗೂ ಕಡಿಮೆ. ತೇವಾಂಶದ ತಕರಾರಿನಲ್ಲಿಯೇ ಇಷ್ಟು ಹಣ ಒಂದು ಲಾರಿ ಲೋಡಿನಲ್ಲಿ ಆಚೀಚೆಯಾಗುವುದು ವ್ಯಾಪಾರಿಗಳಿಗೆ ಗೊತ್ತಿಲ್ಲದ್ದೇನಲ್ಲ.

ಮುಂಗಡದ ಹಾದಿಯಲ್ಲಿರುವ ತೊಡಕುಗಳು

ಮುಂಗಡವೆಂಬುದು ಈ ಭಾಗದ ರೈತನಿಗೆ ಹೊಸದಲ್ಲ. ಬಿತ್ತನೆಯ ಕಾಲಕ್ಕೆ ಗಂಜಿನ ಅಡತ್ ಅಂಗಡಿಯಿಂದ ಹಣ ತಂದು, ರಾಶಿಯಾದ ಬಳಿಕ ಮಾಲನ್ನು ಅದೇ ಅಂಗಡಿಗೆ ಒಯ್ಯುವ ರೂಢಿ ಬಹಳ ಹಳೆಯದು. ಹೀಗೆ ಬಾಕಿ ಉಳಿಸಿಕೊಂಡ ರೈತನೊಡನೆ ಗಿರಣಿ ಬೇರೆ ಒಪ್ಪಂದ ಮಾಡಿಕೊಂಡರೆ ಅದು ಕಾಗದದಲ್ಲಿಯೇ ಉಳಿಯುತ್ತದೆ. ಅಡತ್ ವ್ಯಾಪಾರಿಯನ್ನು ಹೊರಗಿಟ್ಟು ಸುಧಾರಣೆ ಮಾಡಹೊರಡುವುದಕ್ಕಿಂತ, ಅವನನ್ನೇ ಮೂರನೆಯ ಪಕ್ಷವಾಗಿ ಸೇರಿಸಿಕೊಳ್ಳುವುದು ಮೇಲು. ಪ್ರತ್ಯೇಕ ಮಾಲನ್ನು ಒಂದೆಡೆ ಕೂಡಿಸಿ, ತೂಕ ಮಾಡಿ, ಗಿರಣಿಗೆ ತಲುಪಿಸುವ ಕೆಲಸಕ್ಕೆ ಅವನ ಕಮಿಷನ್ ಅವನಿಗೆ ಸಲ್ಲಲಿ. ಊರೂರಿನ ರೈತರನ್ನು ಹೆಸರು ಹಿಡಿದು ಬಲ್ಲವನು ಅವನು.

ಎರಡನೆಯ ತೊಡಕು ಲಾವಣಿ ಭೂಮಿಯದು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ರಾಜ್ಯದಲ್ಲಿ ಗೇಣಿ ಪದ್ಧತಿಗೆ ಕಾನೂನಿನ ಮನ್ನಣೆಯಿಲ್ಲ. ಆದರೂ ಬಾಯಿ ಮಾತಿನ ಮೇಲೆ ಲಾವಣಿ ಹಿಡಿದು, ಅಥವಾ ಪಾಲಿಗೆ ಮಾಡಿ ಬೇಸಾಯ ನಡೆಸುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಮುಂದಿನ ವರ್ಷ ಹೊಲ ತನ್ನ ಕೈಯಲ್ಲಿರುತ್ತದೋ ಇಲ್ಲವೋ ತಿಳಿಯದವನು ಮಣ್ಣಿಗೆ ಮೂರು ವರ್ಷದ ಬಂಡವಾಳ ಹೂಡುವನೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಪಹಣಿಯಲ್ಲಿ ಹೆಸರಿಲ್ಲದ ಕಾರಣ ಸರ್ಕಾರದ ನೆರವೂ ಅವನಿಗೆ ತಲುಪುವುದು ಕಷ್ಟ. ಗಿರಣಿಯು ರೈತ ಉತ್ಪಾದಕ ಕಂಪನಿಯ ಮೂಲಕ ವ್ಯವಹರಿಸಿ, ಹೊಲದ ಒಡೆಯನನ್ನೂ ಸಾಗುವಳಿದಾರನನ್ನೂ ಒಟ್ಟಿಗೆ ಕೂರಿಸಿ ಮಾತನಾಡುವುದರ ಹೊರತು ಸದ್ಯಕ್ಕೆ ಬೇರೆ ಉಪಾಯ ಕಾಣುವುದಿಲ್ಲ. 10,000 ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಕೇಂದ್ರದ ಯೋಜನೆ 2020ರಲ್ಲಿ ಆರಂಭವಾದ ಮೇಲೆ ಇಂತಹ ಕಂಪನಿಗಳು ಅನೇಕ ಹೋಬಳಿಗಳಲ್ಲಿ ಹುಟ್ಟಿಕೊಂಡಿವೆ. ಗೊಬ್ಬರ ಮಾರುವುದರ ಹೊರತಾಗಿ ಬೇರೆ ವ್ಯವಹಾರವಿಲ್ಲದೆ ಕುಳಿತಿರುವ ಸಂಸ್ಥೆಗಳೂ ಅವುಗಳಲ್ಲಿವೆ.

ಒಪ್ಪಂದ ಕೃಷಿಗೆಂದು 2020ರಲ್ಲಿ ಬಂದ ಕೇಂದ್ರ ಕಾಯ್ದೆ 2021ರಲ್ಲಿ ರದ್ದಾಗಿದೆ. ಆದ್ದರಿಂದ ಕರಾರು ಪತ್ರವನ್ನು 1872ರ ಭಾರತೀಯ ಕರಾರು ಕಾಯ್ದೆಗೆ ಹೊಂದುವಂತೆ ಬರೆಯಬೇಕು. ಮಾರುಕಟ್ಟೆ ಪ್ರಾಂಗಣದ ಹೊರಗೆ ಖರೀದಿಸುವವರು ಪರವಾನಗಿ ಮತ್ತು ಶುಲ್ಕದ ವಿಷಯವನ್ನು ಎಪಿಎಂಸಿ ಕಾರ್ಯದರ್ಶಿಯವರಲ್ಲಿ ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು. ಕರಾರಿನಲ್ಲಿ ದರವನ್ನು ನಿಗದಿತ ಅಂಕಿಯಾಗಿ ಬರೆಯುವುದೇ ಹೆಚ್ಚಿನ ಜಗಳಗಳ ಮೂಲ. ಪೇಟೆ ಏರಿದರೆ ರೈತನು ಬೇರೆಡೆ ಮಾರುತ್ತಾನೆ. ಇಳಿದರೆ ಗಿರಣಿಯವನು ಗುಣಮಟ್ಟದ ನೆಪ ತೆಗೆಯುತ್ತಾನೆ. ತಂದ ದಿನದ ಪ್ರಾಂಗಣದ ದರ, ಅದರ ಮೇಲೆ ನಿಶ್ಚಿತ ಹೆಚ್ಚುವರಿ ಎಂದು ಬರೆದರೆ ಇಬ್ಬರಿಗೂ ಜಾರಿಕೊಳ್ಳುವ ಕಾರಣ ಉಳಿಯುವುದಿಲ್ಲ. ಬೆಂಬಲ ಬೆಲೆಯ ಭರವಸೆಯನ್ನು ಗಿರಣಿ ಕೊಡಲು ಹೋಗಬಾರದು. 2025-26ರ ಸಾಲಿಗೆ ತೊಗರಿಯ ಬೆಂಬಲ ಬೆಲೆ 8,000 ರೂಪಾಯಿ ಎಂದು ಘೋಷಿತವಾಯಿತು. ಪೇಟೆ ದರ ಅದಕ್ಕಿಂತ ಕೆಳಗಿಳಿದ ವರ್ಷ ರೈತನು ಖರೀದಿ ಕೇಂದ್ರಕ್ಕೆ ಮಾರಲು ಸ್ವತಂತ್ರನೆಂದೂ, ಮುಂಗಡ ಮುಂದಿನ ವರ್ಷಕ್ಕೆ ಸಾಗುವುದೆಂದೂ ಬರೆದುಕೊಳ್ಳುವುದೇ ಪ್ರಾಮಾಣಿಕ ಮಾರ್ಗ.

ಹಣಕ್ಕಿಂತ ಮೊದಲು ಮನುಷ್ಯ

ನೆರೆಯ ಆಂಧ್ರಪ್ರದೇಶದ ಸಮುದಾಯ ನಿರ್ವಹಣೆಯ ನೈಸರ್ಗಿಕ ಕೃಷಿ ಕಾರ್ಯಕ್ರಮಕ್ಕೆ 2024ರಲ್ಲಿ ಗುಲ್ಬೆಂಕಿಯನ್ ಮಾನವೀಯತೆಯ ಪ್ರಶಸ್ತಿ ಬಂದಿತು. ಅಲ್ಲಿಯ ಸರ್ಕಾರದ ರೈತು ಸಾಧಿಕಾರ ಸಂಸ್ಥೆ ಇದನ್ನು ನಡೆಸುತ್ತಿದೆ. ಮುಂಗಾರಿಗೆ ಮುನ್ನವೇ ಒಣ ಮಣ್ಣಿನಲ್ಲಿ ಹಲವು ಬಗೆಯ ಬೀಜಗಳನ್ನು ಬಿತ್ತಿ ನೆಲಕ್ಕೆ ಹಸಿರು ಹೊದಿಸುವುದು ಅದರ ಹೆಸರಾಂತ ಪ್ರಯೋಗ. ವ್ಯಾಪಾರಿಗಳು ಅಲ್ಲಿಂದ ಕಲಿಯಬೇಕಾದುದು ಬೇರೆಯೇ ಇದೆ. ಈ ಪದ್ಧತಿಯಲ್ಲಿ ಪಳಗಿದ ರೈತರನ್ನೇ ಗೌರವಧನ ಕೊಟ್ಟು ಮಾರ್ಗದರ್ಶಕರನ್ನಾಗಿ ನೇಮಿಸಿ, ಮಹಿಳಾ ಸ್ವಸಹಾಯ ಸಂಘಗಳ ಮೂಲಕ ಕೆಲಸ ಸಾಗಿಸಲಾಗಿದೆ. ಕಾಯಿಕೊರಕ ಹುಳು ಬಿದ್ದ ದಿನ ಕರೆದರೆ ಬರುವವನೊಬ್ಬ ಊರಿನಲ್ಲಿರಬೇಕು. ಇಲ್ಲದಿದ್ದರೆ ರೈತನು ಹೋಗುವುದು ಔಷಧಿ ಅಂಗಡಿಗೇ. ಸಂಜೆಯೊಳಗೆ ಸಿಂಪಡಣೆ ಮುಗಿದಿರುತ್ತದೆ. ತೊಗರಿ ಗಿಡವನ್ನು ಅಲ್ಲಾಡಿಸಿ ಹುಳುಗಳನ್ನು ಕೆಳಗೆ ಬೀಳಿಸಿ ಹಿಡಿಯುವ ವಿಧಾನ ಕಲಬುರಗಿ ಭಾಗದ ರೈತರಿಗೆ ಗೊತ್ತಿರುವಂತಹುದೇ. ಮೋಹಕ ಬಲೆ, ಹಕ್ಕಿ ಕೂರುವ ಕೋಲುಗಳೂ ಗೊತ್ತು. ಸಕಾಲಕ್ಕೆ ಮಾಡಿಸುವವರಿಲ್ಲದಿರುವುದೇ ಕೊರತೆ. ಐದಾರು ಗಿರಣಿಗಳು ಸೇರಿ ಇಂತಹ ಇಬ್ಬರ ಸಂಬಳವನ್ನು ಹಂಚಿಕೊಂಡರೆ, ವೆಚ್ಚವು ಯಾವುದೇ ಒಂದು ಗಿರಣಿಗೆ ಹೊರೆಯಾಗದು.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ನೈಸರ್ಗಿಕ ಕೃಷಿ ಅಭಿಯಾನಕ್ಕೆ 2,481 ಕೋಟಿ ರೂಪಾಯಿ ನಿಗದಿಯಾಗಿದ್ದು, 15,000 ಗುಂಪುಗಳ ಮೂಲಕ 7.5 ಲಕ್ಷ ಹೆಕ್ಟೇರ್ ತಲುಪುವ ಗುರಿಯಿದೆ. ಜೈವಿಕ ಪರಿಕರಗಳ 10,000 ಕೇಂದ್ರಗಳೂ ಇದರಲ್ಲಿ ಸೇರಿವೆ. ಸಣ್ಣ ತಯಾರಕರಿಗೆ ಇಲ್ಲಿ ಕೆಲಸವಿದೆ. ಜೋಳ-ತೊಗರಿಗಳನ್ನು ಬೇರೆಬೇರೆ ಪೆಟ್ಟಿಗೆಯಿಂದ ಒಂದೇ ಬಾರಿಗೆ ಬಿತ್ತುವ ಕೂರಿಗೆ, ತೊಗರಿ ಕಟ್ಟಿಗೆಯನ್ನು ಸುಡದೆ ಪುಡಿ ಮಾಡಿ ಹೊಲಕ್ಕೆ ಹೊದಿಸುವ ಯಂತ್ರ, ಬೇವಿನ ಬೀಜ ಅರೆಯುವ ಯಂತ್ರ ಇವುಗಳಿಗೆ ಬೇಡಿಕೆ ಹುಟ್ಟಬಹುದು. ನೆಟೆ ರೋಗಕ್ಕೆ ಬೀಜೋಪಚಾರವಾಗಿ ಬಳಸುವ ಟ್ರೈಕೋಡರ್ಮಾ ತಯಾರಿಸುವ ಘಟಕ ದೊಡ್ಡ ಬಂಡವಾಳ ಬೇಡುವುದಿಲ್ಲ. ಆದರೆ 1968ರ ಕೀಟನಾಶಕ ಕಾಯ್ದೆಯ ನೋಂದಣಿಯಿಲ್ಲದೆ ಅದನ್ನು ಮಾರುವುದು ಅಪರಾಧ. 2025ರ ಸೆಪ್ಟೆಂಬರ್ 22ರಿಂದ ನಿರ್ದಿಷ್ಟ 12 ಜೈವಿಕ ಕೀಟನಾಶಕಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ತಮ್ಮ ಉತ್ಪನ್ನ ಆ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡು ಬಿಲ್ ಮಾಡಬೇಕು.

ಪುಸ್ತಕದಲ್ಲಿ ಬರೆಯುವ ಬಗೆ

ಮುಂಗಡವನ್ನು ಖರ್ಚೆಂದು ಬರೆಯುವ ತಪ್ಪು ಸಾಮಾನ್ಯ. ವಜಾ ಆಗುವವರೆಗೆ ಅದು ಆಸ್ತಿ. ರೈತವಾರು ಖಾತೆಯಿರಬೇಕು, ಪಾವತಿ ಬ್ಯಾಂಕಿನ ಮೂಲಕವೇ ಆಗಬೇಕು. ಕ್ವಿಂಟಾಲಿನ ಮೇಲಿನ ಹೆಚ್ಚುವರಿ ದರ ಖರೀದಿ ವೆಚ್ಚದ ಭಾಗವಾದ್ದರಿಂದ ವರ್ಷಾಂತ್ಯದ ದಾಸ್ತಾನಿನ ಮೌಲ್ಯದಲ್ಲಿಯೂ ಸೇರುತ್ತದೆ. ಮಣ್ಣು ಪರೀಕ್ಷೆ ಮತ್ತು ಮಾರ್ಗದರ್ಶಕರ ಸಂಬಳ ವ್ಯವಹಾರದ ವೆಚ್ಚ. ಬೆಳೆ ಹೋಗಿ ಮುಂಗಡ ವಸೂಲಾಗದಿದ್ದರೆ, ಅದು ಹಿಂದೆ ಆದಾಯವೆಂದು ತೋರಿಸಿದ ಮೊತ್ತವಲ್ಲವಾದ್ದರಿಂದ ವಸೂಲಾಗದ ಸಾಲದ ಶೀರ್ಷಿಕೆಯಲ್ಲಿ ಕಳೆಯಲು ಬರುವುದಿಲ್ಲ. ವ್ಯಾಪಾರ ನಷ್ಟವೆಂದು ಸಮರ್ಥಿಸಬೇಕಾಗುತ್ತದೆ. ಅದಕ್ಕೆ ಕರಾರು ಪತ್ರ, ಹೊಲದ ಫೋಟೊ, ಕೃಷಿ ಇಲಾಖೆಯ ವರದಿ ಕಡತದಲ್ಲಿದ್ದರೆ ಅನುಕೂಲ. ಇನ್ನು ದೊಡ್ಡ ಕಂಪನಿಗಳು ತಮ್ಮ ಕಚ್ಚಾ ಮಾಲಿನ ರೈತರಿಗೆ ಕೊಟ್ಟ ನೆರವನ್ನು ಸಾಮಾಜಿಕ ಹೊಣೆಗಾರಿಕೆಯ ನಿಧಿಯಲ್ಲಿ ತೋರಿಸುವ ಆಸೆ ಪಡುವುದುಂಟು. ಎಂದಿನ ವ್ಯವಹಾರದ ಭಾಗವಾದ ಚಟುವಟಿಕೆಯನ್ನು ಆ ನಿಯಮಗಳು ಹೊರಗಿಟ್ಟಿವೆ.

ಇಂಗಾಲದ ಸಾಲಪತ್ರಗಳಿಂದ ರೈತರಿಗೆ ಹಣ ಬರುವುದೆಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಮಣ್ಣಿನ ಇಂಗಾಲ ಏರುವುದು ನಿಧಾನ, ಅಳೆಯುವ ಖರ್ಚು ದೊಡ್ಡದು. ಬಂದರೆ ಲಾಭವೆಂದುಕೊಳ್ಳಬಹುದೇ ಹೊರತು, ಮುಂಗಡ ಪತ್ರದಲ್ಲಿ ಆದಾಯವೆಂದು ಹಿಡಿಯುವಂತಿಲ್ಲ. ಅದಕ್ಕಿಂತ ಹತ್ತಿರದ ಕಾರಣವೊಂದಿದೆ. ಷೇರು ಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ಸೆಬಿ ನಿಯಮದಂತೆ ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿ ಸಲ್ಲಿಸಬೇಕಾಗಿದೆ. ಬೇಳೆ ಕೊಳ್ಳುವ ದೊಡ್ಡ ಬ್ರಾಂಡ್‌ಗಳು ಮಾಲು ಎಲ್ಲಿಯದು, ಹೇಗೆ ಬೆಳೆದುದು ಎಂದು ಕೇಳಿದಾಗ, ಉತ್ತರ ಗಿರಣಿಯ ಕಡತದಲ್ಲಿಯೇ ಸಿಗಬೇಕು.

ಕಡತ ಸುಳ್ಳಾದರೆ ಬೆಲೆಯೂ ಹೋಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಸಾವಯವ ಜವಳಿ ಮಾನದಂಡ ಸಂಸ್ಥೆಯು ಭಾರತದಲ್ಲಿ ಸುಮಾರು 20,000 ಟನ್ ಹತ್ತಿಗೆ ನಕಲಿ ಪ್ರಮಾಣಪತ್ರ ಬಳಕೆಯಾದುದನ್ನು ಬಯಲಿಗೆಳೆದು ಹನ್ನೊಂದು ಕಂಪನಿಗಳನ್ನು ಹೊರಹಾಕಿತು. ಆ ಹಗರಣದ ಬಳಿಕ ಪ್ರಾಮಾಣಿಕವಾಗಿ ಬೆಳೆದವರ ಹತ್ತಿಯನ್ನೂ ಕೊಳ್ಳುವವರು ಅನುಮಾನದಿಂದಲೇ ನೋಡುವಂತಾಯಿತು. ಬೇಳೆಯಲ್ಲಿ ಹಾಗಾಗದಿರಬೇಕಾದರೆ ಮಾಲು ಬೆರೆಯದಂತೆ ಎಚ್ಚರ ಬೇಕು. ಪ್ರಾಂಗಣದ ಟೆಂಡರಿನಲ್ಲಿ ಲಾಟಿನ ಬಣ್ಣ, ಗಾತ್ರ, ತೇವಾಂಶ ಕಾಣುತ್ತವೆ. ಬೆಳೆದ ರೀತಿ ಕಾಣುವುದಿಲ್ಲ. ಹಾಗಾಗಿ ಪ್ರತ್ಯೇಕ ಚೀಲ, ಪ್ರತ್ಯೇಕ ತೂಕದ ಚೀಟಿ, ಗೋದಾಮಿನಲ್ಲಿ ಪ್ರತ್ಯೇಕ ಅಟ್ಟಿ ಅನಿವಾರ್ಯ.

ಕೆಲಸದ ಕಾಲಾನುಕ್ರಮ ಹೀಗಿದೆ. ತೊಗರಿ ಬಿತ್ತನೆ ಜೂನ್-ಜುಲೈನಲ್ಲಿ. ರೈತನು ಬೀಜ-ಗೊಬ್ಬರದ ಹಣಕ್ಕೆ ಅಡತ್ ಅಂಗಡಿಯ ಮೆಟ್ಟಿಲು ಹತ್ತುವುದು ಮೇ ತಿಂಗಳಲ್ಲಿ. ಆದ್ದರಿಂದ ಕರಾರು ಮತ್ತು ಮುಂಗಡ ಯುಗಾದಿಯ ಆಸುಪಾಸಿನಲ್ಲಿ ಮುಗಿದಿರಬೇಕು. ಮಣ್ಣಿನ ಮಾದರಿಯನ್ನು ಬೇಸಿಗೆಯಲ್ಲಿ, ಹೊಲ ಖಾಲಿಯಿರುವಾಗ ತೆಗೆಯಬೇಕು. ಅಕ್ಟೋಬರ್‌ನಿಂದ ಹುಳುವಿನ ಕಾವಲು. ಡಿಸೆಂಬರ್-ಜನವರಿಯಲ್ಲಿ ಕಟಾವು ನಡೆದು ಪ್ರತ್ಯೇಕ ಚೀಲಗಳು ಬರತೊಡಗುವ ಮುನ್ನ ಗಿರಣಿಯ ಎಲಿವೇಟರ್ ಮತ್ತು ಹಾಪರ್‌ಗಳನ್ನು ಒಮ್ಮೆ ಸಂಪೂರ್ಣ ಬರಿದು ಮಾಡಿ ಗುಡಿಸಬೇಕು. ಆ ಅರ್ಧ ದಿನದ ಉತ್ಪಾದನೆ ಹೋಗುವುದನ್ನೂ ಕ್ವಿಂಟಾಲಿನ ವೆಚ್ಚಕ್ಕೆ ಮೊದಲೇ ಸೇರಿಸಿಕೊಂಡಿರುವುದು ಒಳ್ಳೆಯದು.